ಎಂಟು ಸೆಷನ್ ಸಿಬಿಟಿ (ಮನಸಿನ ಭಯಕ್ಕೆ ಒಂದು ಥರ ಮಾತಿನ ಚಿಕಿತ್ಸೆ) ಮುಗ್ಸಿದೆ, ದುಡ್ಡು ದಂಡ ಅಲ್ಲ ಆದ್ರೆ ಹೋಂವರ್ಕ್ ಮಾಡ್ಬೇಕು

ಹೋದ ವರ್ಷ ರಾತ್ರಿ ಎರಡೂವರೆಗೆ ಹಾಸನದಿಂದ ಫೋನ್ ಬಂತು, ಅಪ್ಪಂಗೆ ಹಾರ್ಟ್ ಅಟ್ಯಾಕ್. ಸ್ಟೆಂಟ್ ಹಾಕ್ಸಿದ್ವಿ, ಅಪ್ಪ ಈಗ ತೋಟಕ್ಕೂ ಹೋಗಿ ಬರ್ತಾರೆ, ಹುಷಾರಾಗದೆ ಉಳಿದಿದ್ದು ನಾನು. ಫೋನ್ ರಿಂಗ್ ಆದ್ರೆ ಸಾಕು ಎದೆ ಡವಡವ, ಅಂಗೈ ಬೆವರು. ದಿನಕ್ಕೆ ಆರು ಸಲ ಅಮ್ಮಂಗೆ ಫೋನ್ ಮಾಡಿ ಅಪ್ಪ ಹೇಗಿದಾರೆ ಅಂತ ಕೇಳೋದು. "ಏನೋ ನಿಂದು, ಈಗ್ ತಾನೆ ಮಾಡಿದ್ಯಲ್ಲೋ" ಅಂತ ಅಮ್ಮಂಗೂ ಸಾಕಾಗಿತ್ತು.

ಮೊದ್ಲು ಆನ್‌ಲೈನಲ್ಲಿ ಒಬ್ರು ಥೆರಪಿಸ್ಟ್ ಹತ್ರ ಮೂರು ಸೆಷನ್ ತಗೊಂಡೆ. ಪೂರ್ತಿ ಇಂಗ್ಲಿಷ್. ಹೊಟ್ಟೇಲಿ ಸಂಕಟ ಆಗುತ್ತೆ ಅನ್ನೋದನ್ನ ಹೆಂಗೋ ಇಂಗ್ಲಿಷಲ್ಲಿ ಹೇಳಿದ್ರೆ ಅಸಿಡಿಟಿ ಇದೆಯಾ ಅಂತ ಕೇಳಿದ್ರು! ಉಳಿದ ಟೈಮೆಲ್ಲ ನಾನು ಮಾತಾಡೋದು ಅವ್ರು ತಲೆ ಆಡ್ಸೋದು. ಸುಮ್ನೆ ಕೂತು ಮನಸಿಟ್ಟು ಕೇಳೋದೂ ಒಂದು ಪದ್ಧತಿನೇ, ಅಮೆರಿಕಾದ ಸೈಕಾಲಜಿಸ್ಟ್ ಕಾರ್ಲ್ ರೋಜರ್ಸ್ ಅನ್ನೋರು ಶುರು ಮಾಡಿದ್ದು, ದುಃಖ ಹೇಳ್ಕೊಳ್ಳೋಕೆ ಜಾಗನೇ ಇಲ್ದೆ ಇರೋರಿಗೆ ಅದು ದೊಡ್ಡ ವಿಷ್ಯ. ನನಗೆ ಹೇಳ್ಕೊಳ್ಳೋಕೆ ಜನ ಇದ್ರು, ಫೋನ್ ಎತ್ತೋದು ಹೇಗೆ ಅಂತ ಗೊತ್ತಿರ್ಲಿಲ್ಲ ಅಷ್ಟೇ.

ಆಮೇಲೆ ಹೋಗಿದ್ದು ಜಯನಗರ ಕಡೆ ಒಂದು ಪುಟ್ಟ ಸೆಂಟರಿಗೆ. ಹೆಸರು ಹಾಕಲ್ಲ, ಅಲ್ಲಿರೋದೇ ಇಬ್ರು. ಮೇಡಂ ಕ್ಲಿನಿಕಲ್ ಸೈಕಾಲಜಿಸ್ಟ್, ಎಂಫಿಲ್ ಆಗಿದೆ, ಆರ್‌ಸಿಐ, ಅಂದ್ರೆ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳನ್ನ ನೋಂದಾಯಿಸೋ ಸರ್ಕಾರಿ ಸಂಸ್ಥೆ, ಅದರ ರಿಜಿಸ್ಟ್ರೇಷನ್ ಇದೆ (ಇದನ್ನ ಕೇಳೋಕೆ ಸಂಕೋಚ ಪಡ್ಬೇಡಿ, ಕೌನ್ಸೆಲರ್ ಅಂತ ಬೋರ್ಡ್ ಹಾಕ್ಕೊಂಡೋರೆಲ್ಲ ಅಷ್ಟು ಓದಿರಲ್ಲ). ಇಲ್ಲಿ ಮಾಡೋದು ಸಿಬಿಟಿ, ಅಂದ್ರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, 1960ರ ದಶಕದಲ್ಲಿ ಅಮೆರಿಕಾದ ಮನೋವೈದ್ಯ ಆರನ್ ಬೆಕ್ ಡಿಪ್ರೆಷನ್ ಇರೋರನ್ನ ನೋಡ್ತಾ ನೋಡ್ತಾ ರೂಪಿಸಿದ್ದು. ಏನಾದ್ರೂ ಆದ ತಕ್ಷಣ ತಲೇಲಿ ತಾನಾಗೇ ಒಂದು ಯೋಚನೆ ಮಿಂಚುತ್ತಲ್ಲ, ಅದನ್ನ ಹಿಡಿದು ಬರ್ದು ನಿಜಾನಾ ಅಂತ ಚೆಕ್ ಮಾಡೋದು. ಅದನ್ನ ಬರೆಯೋಕೆ ಕೊಟ್ಟ ಶೀಟು ಇಂಗ್ಲಿಷಲ್ಲೇ ಇತ್ತು, ಭಾವನೆ ಕಾಲಮ್ಮಲ್ಲಿ ಆಂಗ್ಸೈಟಿ ನೂರಕ್ಕೆ 80 ಅಂತ ಬರ್ದೆ. ಮೇಡಂ ನೋಡಿ "ಇದು ನಿಮ್ಮ ಮಾತಲ್ಲ, ನಿಮ್ಮ ಅಮ್ಮಂಗೆ ಹೇಳೋ ಹಾಗೆ ಬರೀರಿ" ಅಂದ್ರು. ತಳಮಳ, ಕಸಿವಿಸಿ, ದಿಗಿಲು ಅಂತೆಲ್ಲ ಬರೆಯೋಕೆ ಶುರು ಮಾಡಿದ್ಮೇಲೆ ಒಂದು ಗೊತ್ತಾಯ್ತು, ದಿಗಿಲು ಬರೋದು ರಾತ್ರಿ ಮಾತ್ರ, ಹಗಲು ಬರೋದು ತಳಮಳ, ಅದಕ್ಕೆ ಕಾರಣ ನಾನು ಊರಲ್ಲಿಲ್ಲ ಅನ್ನೋ ಅಪರಾಧಿ ಭಾವ. ಇಂಗ್ಲಿಷಲ್ಲಿ ಎರಡನ್ನೂ ಒಂದೇ ಡಬ್ಬಿಗೆ ತುಂಬ್ತಿದ್ದೆ.

ಹೋಂವರ್ಕ್ ಇನ್ನೂ ಮಜಾ. ಎರಡು ವಾರ ಪ್ರತಿ ಕಾಲ್ ಎತ್ತೋ ಮುಂಚೆ ಕೆಟ್ಟ ಸುದ್ದಿ ಇರೋ ಚಾನ್ಸ್ ಎಷ್ಟು ಅಂತ ಗುರುತು ಹಾಕ್ಕೋಬೇಕು, ಆಮೇಲೆ ನಿಜವಾಗಿ ಏನು ಬಂತು ಅಂತ. ಒಟ್ಟು 61 ಕಾಲ್. ಲೋನ್ ಬೇಕಾ ಸಾರ್ 14, ಡೆಲಿವರಿ ಹುಡುಗರು 11, ಮಿಕ್ಕಿದ್ದು ಆಫೀಸು ಮನೆ. ಕೆಟ್ಟ ಸುದ್ದಿ ಒಂದೇ, ಅತ್ತೆ ಮನೆ ನಾಯಿ ಕಾಣ್ತಿಲ್ಲ ಅಂತ, ಅದೂ ಸಂಜೆ ವಾಪಸ್ ಬಂತು. ಅಮ್ಮಂಗೆ ಮಾಡೋ ಕಾಲ್ ಆರರಿಂದ ನಾಲ್ಕು, ಎರಡು, ಒಂದು ಅಂತ ಇಳಿಸ್ಬೇಕಿತ್ತು. ಪದೇ ಪದೇ ಕೇಳಿ ಸಮಾಧಾನ ಮಾಡ್ಕೊಂಡ್ರೆ ಆ ಕ್ಷಣಕ್ಕೆ ಹಾಯ್ ಅನ್ಸುತ್ತೆ, ಭಯ ಮಾತ್ರ ಅಲ್ಲೇ ಬೇರು ಬಿಡುತ್ತೆ ಅಂತೆ. ಎರಡಕ್ಕೆ ಇಳಿಸಿದ ವಾರ ನರಕ, ಸುಳ್ಳು ಹೇಳಲ್ಲ, ಒಂದಿನ ಕದ್ದು ಅಕ್ಕಂಗೆ ಮಾಡ್ದೆ.

ವೇಟಿಂಗ್ ರೂಮಲ್ಲಿ ರೆಸಿಲಿಯನ್ಸ್ (ಪೆಟ್ಟು ಬಿದ್ರೂ ಚೇತರಿಸ್ಕೊಳ್ಳೋ ಶಕ್ತಿ) ಅಂತ ಬಂಡೆ ಮೇಲೆ ಗಿಡದ ಪೋಸ್ಟರ್ ಇದೆ, ನೋಡಿದಾಗೆಲ್ಲ ನಗು ಬರ್ತಿತ್ತು. ಆರನೇ ಸೆಷನ್ ಆದ್ಮೇಲೆ ಮತ್ತೆ ರಾತ್ರಿ ಫೋನ್, ಅಪ್ಪಂಗೆ ಎದೆನೋವು. ಕೈ ನಡುಗ್ತು, ನಡುಗಲಿಲ್ಲ ಅನ್ನಲ್ಲ. ಆದ್ರೆ ಬ್ಯಾಗ್ ತುಂಬ್ಕೊಂಡೆ, ಬಸ್ ಹಿಡಿದೆ, ಕುಣಿಗಲ್ ದಾಟೋದ್ರೊಳಗೆ ನಿದ್ದೆ ಬಂತು. ಹೋಗಿ ನೋಡಿದ್ರೆ ಗ್ಯಾಸ್ಟ್ರಿಕ್. ಹೋದ್ಸಲ ಮಾಮೂಲಿಗೆ ಬರೋಕೆ ತಿಂಗಳುಗಟ್ಲೆ ಬೇಕಾಯ್ತು, ಈ ಸಲ ಮಾರನೇ ದಿನ ಆಫೀಸ್ ಮೇಲ್ ನೋಡ್ತಿದ್ದೆ.

ಒಂದು ಸ್ಟಾರ್ ಕಟ್ ಮಾಡಿದ್ದು ಯಾಕಂದ್ರೆ ರೂಮಿನ ಪಾರ್ಟಿಷನ್ ತೆಳು, ಪಕ್ಕದೋರು ಅಳೋದು ಕೇಳ್ಸುತ್ತೆ, ಇಂಥ ಜಾಗದಲ್ಲಿ ಅದು ಆಗ್ಬಾರ್ದು. ಫೀಸು ಸೆಷನ್ನಿಗೆ 1,800, ಎಂಟಕ್ಕೆ 14,400. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ಇನ್ಶೂರೆನ್ಸ್‌ನೋರು ಮಾನಸಿಕ ಕಾಯಿಲೆನೂ ದೇಹದ ಕಾಯಿಲೆ ಥರಾನೇ ನೋಡ್ಬೇಕು, ಆದ್ರೆ ನನ್ನ ಪಾಲಿಸೀಲಿ ಒಪಿಡಿನೇ (ಅಡ್ಮಿಟ್ ಆಗದೆ ತೋರಿಸ್ಕೊಂಡು ಬರೋ ಖರ್ಚು) ಇಲ್ಲ, ಸೋ ಕೈಯಿಂದ್ಲೇ ಹೋಯ್ತು. ಅಷ್ಟು ಆಗಲ್ಲ ಅನ್ನೋರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಗೆ ಮಾಡಿ, ಫ್ರೀ, ದಿನಪೂರ್ತಿ ಇರುತ್ತೆ, ಕನ್ನಡದಲ್ಲೇ ಮಾತಾಡ್ಬಹುದು. ನಿಮ್ಹಾನ್ಸ್ ಅಂತೂ ಇದ್ದೇ ಇದೆ.

ಸಂಜೆ ಸ್ಲಾಟ್ ಬೇಕಂದ್ರೆ ಎರಡು ವಾರ ಮುಂಚೆನೇ ಬುಕ್ ಮಾಡ್ಬೇಕು, ಲಿಫ್ಟ್ ಇಲ್ಲ, ಮೂರನೇ ಮಹಡಿ. ಅಪ್ಪನ್ನೂ ಒಂದ್ಸಲ ಕರ್ಕೊಂಡ್ ಬನ್ನಿ ಅಂದಿದಾರೆ, ಮೆಟ್ಲು ನೋಡಿ ಸುಮ್ನಿದೀನಿ.