ನೆನಪಿರುವ ಕತೆ, ಮರೆಯುವ ಕತೆ: ಧಾರಾವಾಹಿ, ಥ್ರಿಲ್ಲರ್‌ಗಳ ಬಗ್ಗೆ ಕಲಬುರಗಿಯಿಂದ

ಕೊಲೆಗಾರ ಯಾರೆಂದು ಗೊತ್ತಾದ ಮೇಲೂ ಎರಡನೇ ಸಲ ಕುಳಿತು ನೋಡಬೇಕೆನಿಸಿದರೆ ಅದು ಒಳ್ಳೆಯ ಥ್ರಿಲ್ಲರ್. ವರ್ಷಗಟ್ಟಲೆ ಓಡಿದ ಮೇಲೂ ಮೊದಲ ತಿಂಗಳಲ್ಲಿ ಹೇಳಿದ್ದನ್ನು ಮರೆಯದಿದ್ದರೆ ಅದು ಒಳ್ಳೆಯ ಧಾರಾವಾಹಿ. ಸಂಜೆ ಕೇಬಲ್‌ನಲ್ಲಿ ಧಾರಾವಾಹಿ, ರಜೆಯ ದಿನ ಆ್ಯಪ್‌ನಲ್ಲಿ ಸಿನಿಮಾ ಎಂದು ಬಹಳ ಕಾಲದಿಂದ ಎರಡಕ್ಕೂ ದುಡ್ಡು ಕಟ್ಟುತ್ತಾ ಬಂದಿದ್ದೇನೆ. ಅವ್ವನ ಜೊತೆ ಕುಳಿತು ನೋಡಿ ನೋಡಿ ಈ ಎರಡು ಅಳತೆಗಳನ್ನು ಗಟ್ಟಿ ಮಾಡಿಕೊಂಡಿದ್ದೇನೆ. ನಟಿಯ ಸೀರೆ ಹೇಗಿದೆ, ಹಿನ್ನೆಲೆ ಸಂಗೀತ ಎಷ್ಟು ಜೋರಾಗಿದೆ ಎಂಬುದೆಲ್ಲ ಆಮೇಲಿನ ಮಾತು.

ಕಲಬುರಗಿಯವರಿಗೆ ಟಿವಿ ನಿನ್ನೆ ಮೊನ್ನೆಯದಲ್ಲ. 1975ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಕಾರ್ಯಕ್ರಮ ಮುಟ್ಟಿಸುವ ಸೈಟ್ ಪ್ರಯೋಗ ದೇಶದ ಆರು ರಾಜ್ಯಗಳಲ್ಲಿ ನಡೆದಾಗ ನಮ್ಮ ಜಿಲ್ಲೆಯ ಹಳ್ಳಿಗಳೂ ಅದರಲ್ಲಿದ್ದವು. 1977ರಲ್ಲಿ ಇಲ್ಲಿ ದೂರದರ್ಶನ ಕೇಂದ್ರ ಶುರುವಾದಾಗ ಬೆಂಗಳೂರಿಗೆ ಇನ್ನೂ ಆ ಭಾಗ್ಯ ಬಂದಿರಲಿಲ್ಲ. ಊರಿಗೆ ಒಂದೇ ಇದ್ದ ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕುಳಿತು ನೋಡಿದವರು ಈಗಲೂ ನಮ್ಮ ಮನೆಗಳಲ್ಲಿದ್ದಾರೆ. ಇವರಿಗೆ ಏನು ತೋರಿಸಿದರೂ ನಡೆಯುತ್ತದೆ ಎಂದುಕೊಳ್ಳುವುದು ತಪ್ಪು ಲೆಕ್ಕ.

ಮೊದಲು ಧಾರಾವಾಹಿಗಳ ಮಾತು. 2022ರಲ್ಲಿ ಕಲರ್ಸ್ ಕನ್ನಡದಲ್ಲಿ ಶುರುವಾದ ‘ಭಾಗ್ಯಲಕ್ಷ್ಮಿ’ಯಲ್ಲಿ ನನಗೆ ತುಂಬಾ ಹಿಡಿಸಿದ್ದು ಭಾಗ್ಯ ಮತ್ತೆ ಶಾಲೆಗೆ ಹೋಗುವ ಭಾಗ. ಮಗಳ ಓರಗೆಯವರ ನಡುವೆ ಸಮವಸ್ತ್ರ ತೊಟ್ಟು ಕುಳಿತು ಹತ್ತನೇ ತರಗತಿ ಓದುವ ಗೃಹಿಣಿ! ಹೆಣ್ಣುಮಕ್ಕಳನ್ನು ಅರ್ಧಕ್ಕೇ ಶಾಲೆ ಬಿಡಿಸಿ ಮದುವೆ ಮಾಡಿದ ಮನೆಗಳು ನಮ್ಮ ಕಡೆ ಕಡಿಮೆಯೇನಲ್ಲ. ಆ ಕಂತುಗಳು ಬರುತ್ತಿದ್ದಾಗ ನಮ್ಮ ಓಣಿಯ ಹೆಂಗಸರು ಅದನ್ನು ಕತೆಯೆಂದು ನೋಡಲಿಲ್ಲ, ತಮ್ಮದೇ ಬಾಕಿ ಉಳಿದ ಪರೀಕ್ಷೆಯಂತೆ ನೋಡಿದರು. ಭಾಗ್ಯ ಪಾತ್ರದ ಸುಷ್ಮಾ ರಾವ್ ಅಳುವ ದೃಶ್ಯಗಳಿಗಿಂತ ಪುಸ್ತಕದ ಮುಂದೆ ತಡವರಿಸುವ ದೃಶ್ಯಗಳಲ್ಲಿ ಹೆಚ್ಚು ನಿಜವಾಗಿ ಕಾಣುತ್ತಾರೆ. ಪದ್ಮಜಾ ರಾವ್ ಅವರ ಅತ್ತೆ ಕುಸುಮಾ ಮೊದಲು ಗದರುವವಳಾಗಿದ್ದು, ಮುಂದೆ ಹೆತ್ತ ಮಗನ ತಪ್ಪಿಗೆ ಎದುರಾಗಿ ಸೊಸೆಯ ಬೆನ್ನಿಗೆ ನಿಂತಾಗ, ಆ ಬದಲಾವಣೆ ಒಂದೇ ರಾತ್ರಿಯಲ್ಲಿ ಆದದ್ದು ಎನ್ನಿಸುವುದಿಲ್ಲ. ಆದರೆ ಅದೇ ಧಾರಾವಾಹಿ ಗಂಡನ ಇನ್ನೊಂದು ಸಂಬಂಧದ ಗುಟ್ಟು ಬಯಲಾಗುವ ಘಳಿಗೆಯನ್ನು ಎಷ್ಟು ಎಳೆಯಿತೆಂದರೆ, ಗೊತ್ತಾಗಬೇಕಾದವರಿಗೆ ಗೊತ್ತಾಗುವ ಹೊತ್ತಿಗೆ ನೋಡುವವರ ಸಿಟ್ಟು ಆರಿಹೋಗಿತ್ತು.

‘ಪುಟ್ಟಕ್ಕನ ಮಕ್ಕಳು’ ವಿಷಯದಲ್ಲಿ ನನಗಿರುವುದು ನೋವು. ಗಂಡ ಕೈಬಿಟ್ಟ ಮೇಲೆ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಬೆಳೆಸಿದ ಪುಟ್ಟಕ್ಕನಾಗಿ ಉಮಾಶ್ರೀ ಅವರು 2021ರ ಕೊನೆಯಲ್ಲಿ ಜೀ ಕನ್ನಡಕ್ಕೆ ಬಂದಾಗ, ಒಲೆಯ ಮುಂದೆ ಅವರು ಸೆರಗಿನಲ್ಲಿ ಮುಖ ಒರೆಸಿಕೊಳ್ಳುವುದನ್ನು ನೋಡಲೆಂದೇ ಟಿವಿ ಹಚ್ಚುತ್ತಿದ್ದೆವು. ಮಗಳು ಸ್ನೇಹಾ ಓದಿ ಜಿಲ್ಲಾಧಿಕಾರಿಯಾದದ್ದು ಅವ್ವನಿಗೆ ಮನೆಯ ಹಬ್ಬದಷ್ಟೇ ಖುಷಿ ಕೊಟ್ಟಿತ್ತು. 2024ರಲ್ಲಿ ಆ ಸ್ನೇಹಾಳನ್ನು ಸಾಯಿಸಿ, ಅವಳ ಹೃದಯವನ್ನು ಅದೇ ಹೆಸರಿನ ಇನ್ನೊಬ್ಬ ಹುಡುಗಿಗೆ ಜೋಡಿಸಿ ಕತೆ ಮುಂದುವರಿಸಿದರು. ಧಾರಾವಾಹಿಯಲ್ಲಿ ಪಾತ್ರ ಸಾಯಬಾರದು ಎಂದು ನಾನು ಹೇಳುವುದಿಲ್ಲ. ಆದರೆ ಅಷ್ಟು ವರ್ಷ ಕಟ್ಟಿದ ಒಬ್ಬ ಹೆಣ್ಣುಮಗಳ ದುಡಿಮೆ, ಹಟ, ಹುದ್ದೆ ಎಲ್ಲವೂ ಹೃದಯ ಕಸಿಯ ನೆಪವಾಗಿ ಮುಗಿಯಬಾರದಿತ್ತು. ಮಗಳನ್ನು ಕಳೆದುಕೊಂಡ ಮನೆಯಲ್ಲಿ ದುಃಖ ಎಷ್ಟು ದಿನ ಇರುತ್ತದೆ ಎಂಬುದು ಆ ತಂಡಕ್ಕೆ ಗೊತ್ತಿರಲಿಲ್ಲವೇ? ಉಮಾಶ್ರೀ ಅವರಿಗೆ ಗೊತ್ತಿತ್ತು. ಅವರ ಕಣ್ಣುಗಳಲ್ಲಿ ಅದು ಉಳಿದಿತ್ತು. ಬರವಣಿಗೆಯಲ್ಲಿ ಉಳಿಯಲಿಲ್ಲ.

ಟಿ.ಎನ್. ಸೀತಾರಾಮ್ ಅವರ ‘ಮಾಯಾಮೃಗ’ ದೂರದರ್ಶನದಲ್ಲಿ ಬರುತ್ತಿದ್ದ ಕಾಲವನ್ನು ಬಲ್ಲವರಿಗೆ ಈ ಕೊರತೆ ಇನ್ನೂ ಎದ್ದು ಕಾಣುತ್ತದೆ. ಅವರ ಮುಂದಿನ ಧಾರಾವಾಹಿಗಳ ನ್ಯಾಯಾಲಯದ ದೃಶ್ಯಗಳಲ್ಲಿ ಪ್ರತಿವಾದಿಗೂ ವಾದವಿರುತ್ತಿತ್ತು. ಇಂದಿನ ಖಳನಾಯಕಿಯರಿಗೆ ಕಾಡಿಗೆ ಇದೆ, ವಾದವಿಲ್ಲ.

ಇನ್ನು ಥ್ರಿಲ್ಲರ್‌ಗಳು. ನನ್ನ ಅಳತೆಗೆ ಪೂರ್ತಿ ನಿಂತ ಕನ್ನಡದ ಚಿತ್ರ ಹೇಮಂತ್ ರಾವ್ ಅವರ ‘ಕವಲುದಾರಿ’, 2019ರದ್ದು. ಅಪರಾಧ ವಿಭಾಗಕ್ಕೆ ಹೋಗುವ ಆಸೆಯ ಸಂಚಾರ ಪೊಲೀಸ್ ಶ್ಯಾಮ್‌ಗೆ, ನೆಲ ಅಗೆದಾಗ ಸಿಕ್ಕ ನಾಲ್ಕು ದಶಕ ಹಳೆಯ ಎಲುಬುಗಳು ಕಾಡತೊಡಗುತ್ತವೆ. ಅದು ಅವನ ಕೇಸೇ ಅಲ್ಲ. ಅದರ ಎಳೆ ಹಿಡಿದು ಹೋದರೆ ತುರ್ತುಪರಿಸ್ಥಿತಿಯ ಕಾಲ, ಮತ್ತು ಆ ತನಿಖೆಯಲ್ಲಿ ಸೋತು ನಿವೃತ್ತರಾದ ಮುತ್ತಣ್ಣ. ಮೊದಲ ಸಲ ನೋಡುವಾಗ ನಾವು ಸುಳಿವಿನ ಹಿಂದೆ ಓಡುತ್ತೇವೆ. ಎರಡನೇ ಸಲ ಮುತ್ತಣ್ಣನ ಪಾತ್ರದ ಅನಂತ್ ನಾಗ್ ಅವರನ್ನು ನೋಡುತ್ತೇವೆ. ಮಾತನಾಡಲೂ ಒಪ್ಪದ ಆ ಮುದುಕನ ಒರಟುತನದ ಒಳಗೆ ಎಷ್ಟು ವರ್ಷಗಳ ಅಪಮಾನ ಕುಳಿತಿದೆ ಎಂಬುದು ಆಗ ಕಾಣುತ್ತದೆ. ಶ್ಯಾಮ್ ಪಾತ್ರದ ರಿಷಿ ಮಾತು ಕಡಿಮೆ ಮಾಡಿ ನಟಿಸಿರುವುದೂ ಆಗಲೇ ಸರಿ ಎನಿಸುತ್ತದೆ.

ಪವನ್ ಕುಮಾರ್ ಅವರ ‘ಯು ಟರ್ನ್’ (2016) ಇನ್ನೂ ಸಣ್ಣ ವಸ್ತುವಿನಿಂದ ಹೊರಡುತ್ತದೆ. ಬೆಂಗಳೂರಿನ ಮೇಲ್ಸೇತುವೆಯ ವಿಭಜಕದ ಕಲ್ಲನ್ನು ಸರಿಸಿ, ಬೈಕ್ ತಿರುಗಿಸಿಕೊಂಡು, ಕಲ್ಲನ್ನು ದಾರಿಯಲ್ಲೇ ಬಿಟ್ಟು ಹೋಗುವವರು. ಅರ್ಧ ನಿಮಿಷದ ಅವಸರ. ಅವರು ಆ ಕಲ್ಲನ್ನು ಮರೆತರೂ ಚಿತ್ರ ಕೊನೆಯವರೆಗೂ ಮರೆಯುವುದಿಲ್ಲ. ಅಲೌಕಿಕದ ಭಾಗ ಒಪ್ಪಿಗೆಯಾಗದವರಿಗೂ ಆ ಕಲ್ಲು ಒಪ್ಪಿಗೆಯಾಗುತ್ತದೆ, ಏಕೆಂದರೆ ಅಂಥ ಸಂದು ನಮ್ಮ ರಿಂಗ್ ರಸ್ತೆಯಲ್ಲೂ ಕಣ್ಣಿಗೆ ಬೀಳುತ್ತದೆ.

ಈಚಿನ ವರ್ಷಗಳಲ್ಲಿ ನಮ್ಮ ಮನೆಯನ್ನು ಅಲ್ಲಾಡಿಸಿದ್ದು ಮಲಯಾಳದ ‘ಕಿಷ್ಕಿಂಧಾ ಕಾಂಡಂ’ (2024). ಕಾಡಿನ ಅಂಚಿನ ಮನೆ, ಸುತ್ತ ಕೋತಿಗಳು, ಕಾಣೆಯಾದ ಮಗು, ಚುನಾವಣೆಯ ಹೊತ್ತಿಗೆ ಠಾಣೆಗೆ ಒಪ್ಪಿಸಬೇಕಾದ ಪರವಾನಗಿ ಬಂದೂಕು ನಾಪತ್ತೆ, ಅದರ ಒಡೆಯ ನಿವೃತ್ತ ಸೈನಿಕನಿಗೆ ಮರೆವು. ಓಟವಿಲ್ಲ, ಗುಂಡಿನ ಕಾಳಗವಿಲ್ಲ. ಆ ಸೈನಿಕನ ಪಾತ್ರದ ವಿಜಯರಾಘವನ್ ಅವರು ತಮಗೆ ಮರೆಯುತ್ತಿದೆ ಎಂಬುದನ್ನು ಮುಚ್ಚಿಡಲು ಮಾಡುವ ಗತ್ತು ಇದೆಯಲ್ಲ, ಅಂಥದ್ದನ್ನು ಮುಪ್ಪಿನ ಹಿರಿಯರಿರುವ ಮನೆಯವರು ಚೆನ್ನಾಗಿ ಬಲ್ಲರು. ಮುಗಿದ ಕೂಡಲೇ ಅವ್ವ, “ಮೊದಲಿನಿಂದ ಇನ್ನೊಮ್ಮೆ ಹಚ್ಚು” ಎಂದಳು. ಥ್ರಿಲ್ಲರ್‌ಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಗೊತ್ತಿಲ್ಲ.

ಬೇರೆ ಭಾಷೆಯ ಚಿತ್ರಕ್ಕೆ ಕನ್ನಡದ ಧ್ವನಿ ಸಿಗುವುದು ಹಿರಿಯರಿಗೆ ದೊಡ್ಡ ಉಪಕಾರ. ದಶಕಗಳ ಕಾಲ ಇದಕ್ಕೆ ಚಿತ್ರರಂಗದ ವಿರೋಧವಿತ್ತು. ಮಾರುಕಟ್ಟೆಯ ಪೈಪೋಟಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗದಿಂದ 2015ರಲ್ಲಿ ಆ ವಿರೋಧದ ವಿರುದ್ಧ ಆದೇಶ ಬಂದ ಮೇಲೆ ದಾರಿ ತೆರೆಯಿತು. ಅದಕ್ಕೂ ಮೊದಲು ನಮ್ಮ ಭಾಗದವರು ಇಂಥವನ್ನು ತೆಲುಗಿನಲ್ಲೋ ಹಿಂದಿಯಲ್ಲೋ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದರು. ಈಗಿನ ಕನ್ನಡದ ಧ್ವನಿಯಲ್ಲಿ ಮೀನುಗಾರನೂ ವಕೀಲನೂ ಒಂದೇ ಬಗೆಯ ಮಾತನಾಡುತ್ತಾರೆ, ಇದು ಸುಧಾರಿಸಬೇಕು. ನಾನು ವಾರ್ಷಿಕ ಚಂದಾ ಕಟ್ಟುವ ಒಂದು ಆ್ಯಪ್ ಬಗ್ಗೆ ಹೇಳುವುದಾದರೆ, ಹಣ ಕೊಟ್ಟರೂ ಜಾಹೀರಾತು ತಪ್ಪಿಲ್ಲ. ಅದೂ ಗುಟ್ಟು ಬಿಚ್ಚುವ ದೃಶ್ಯದ ನಡುವೆಯೇ. ಉಳಿಸಿಟ್ಟ ಕನ್ನಡ ಚಿತ್ರಗಳು ಹೇಳದೆ ಕೇಳದೆ ಪಟ್ಟಿಯಿಂದ ಮಾಯವಾಗುತ್ತವೆ.

ನನ್ನದೊಂದು ಬಯಕೆ ಉಳಿದಿದೆ. ಥ್ರಿಲ್ಲರ್ ಎಂದರೆ ಮಲೆನಾಡಿನ ಮಳೆ, ಕರಾವಳಿಯ ಮಬ್ಬು, ಬೆಂಗಳೂರಿನ ರಾತ್ರಿ ಎಂದೇ ಆಗಿಬಿಟ್ಟಿದೆ. ನಮ್ಮ ಕಡೆಯ ಮಾತು ಪರದೆಗೆ ಬಂದರೆ ಹೆಚ್ಚಾಗಿ ನಗಿಸುವ ಪಾತ್ರದ ಬಾಯಲ್ಲೇ ಬರುತ್ತದೆ. ಶಹಾಬಾದಿನ ಕಲ್ಲು ಗಣಿಗಳಿವೆ, ತೊಗರಿ ಮಿಲ್ಲುಗಳಿವೆ, ಭೀಮಾ ತೀರವಿದೆ, ಮೇ ತಿಂಗಳ ಮಧ್ಯಾಹ್ನ ಒಬ್ಬರೂ ಹೊರಗೆ ಬಾರದ ಬೀದಿಗಳಿವೆ. ಅಷ್ಟು ಬೆಳಕಿನಲ್ಲಿ ನಡೆದ ಅಪರಾಧಕ್ಕೆ ಒಬ್ಬರೂ ಸಾಕ್ಷಿ ಇಲ್ಲದಿರುವುದು ಎಂಥ ಕತೆಯಾಗಬಹುದು! ಅದನ್ನು ತನಿಖೆ ಮಾಡುವವರು ನಮ್ಮ ಮಾತಿನಲ್ಲೇ, ಗಂಭೀರವಾಗಿ, ಪ್ರಶ್ನೆ ಕೇಳಲಿ.

ಹೊಸದಾಗಿ ಶುರು ಮಾಡುವವರು ‘ಕವಲುದಾರಿ’ಯಿಂದ ಆರಂಭಿಸಿ. ‘ಕಿಷ್ಕಿಂಧಾ ಕಾಂಡಂ’ ನೋಡುವ ಮೊದಲು ಅದರ ಬಗ್ಗೆ ಏನನ್ನೂ ಓದಬೇಡಿ, ಮೊಬೈಲ್ ದೂರ ಇಡಿ. ‘ಭಾಗ್ಯಲಕ್ಷ್ಮಿ’ಯ ಶಾಲೆಯ ಕಂತುಗಳನ್ನು ಮಾತ್ರ ಹುಡುಕಿ ನೋಡಿದರೂ ಸಾಕು, ಸಾಧ್ಯವಾದರೆ ಅರ್ಧಕ್ಕೇ ಓದು ನಿಂತ ಯಾರಾದರೂ ಅಕ್ಕನೋ ಚಿಕ್ಕಮ್ಮನೋ ಇದ್ದರೆ ಅವರನ್ನೂ ಕರೆದು ಕೂರಿಸಿಕೊಳ್ಳಿ.