ಪಾಠಗಳ ನಡುವಿನ 20 ನಿಮಿಷ: ದೂರಶಿಕ್ಷಣದ ಕಾಲದ ಒಂದು ಶಾಲೆಯ ವಿಮರ್ಶೆ

ಬಸವನಗುಡಿಯ ಸಮೀಪದ ಖಾಸಗಿ ಶಾಲೆಯೊಂದರಲ್ಲಿ ನನ್ನ ಮಗಳು 2020ರಲ್ಲಿ ನಾಲ್ಕನೆಯ ತರಗತಿಗೆ ಬಂದಳು. ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ 2021ರ ಅಕ್ಟೋಬರ್ 25ರಂದು ಬಾಗಿಲು ತೆರೆಯುವವರೆಗೆ ಅವಳ ಪಾಲಿನ ಶಾಲೆ ನಮ್ಮ ಊಟದ ಮೇಜಿನ ಮೇಲಿದ್ದ ಮೊಬೈಲಿನಲ್ಲೇ ನಡೆಯಿತು. ಪಾಠ ಹೇಗಿತ್ತೆಂಬುದನ್ನು ಬದಿಗಿಟ್ಟು, ಆ ಅವಧಿಯಲ್ಲಿ ಶಾಲೆ ಮಕ್ಕಳ ಒಡನಾಟವನ್ನು ಎಷ್ಟರಮಟ್ಟಿಗೆ ಉಳಿಸಿಕೊಟ್ಟಿತೆಂಬುದನ್ನು ಮಾತ್ರ ಇಲ್ಲಿ ಪರಿಶೀಲಿಸುತ್ತೇನೆ.

2020ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಚಿಕ್ಕ ಮಕ್ಕಳ ಆನ್‌ಲೈನ್ ತರಗತಿಗಳನ್ನು ನಿಷೇಧಿಸಿತು. ಜುಲೈ 8ರಂದು ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಅದೇ ತಿಂಗಳು ಕೇಂದ್ರದ ‘ಪ್ರಜ್ಞಾತಾ’ ಮಾರ್ಗಸೂಚಿ, ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡು ಅವಧಿ ಸಾಕೆಂದಿತು. ಶಾಲೆ ಎರಡು ಪಾಠಗಳನ್ನಿಟ್ಟು, ನಡುವೆ 20 ನಿಮಿಷ ಬಿಡುವು ಕೊಟ್ಟಿತು. ಆ ಬಿಡುವಿನಲ್ಲಿ ಸಭೆಯನ್ನು ಮುಚ್ಚದೆ ಎಲ್ಲ ಮಕ್ಕಳ ಮೈಕನ್ನೂ ತೆರೆದಿಟ್ಟಿತು. ಆ ವರ್ಷ ಶಾಲೆ ಕೈಗೊಂಡ ಅತ್ಯುತ್ತಮ ನಿರ್ಧಾರ ಇದೆಂದು ನಾನು ಭಾವಿಸುತ್ತೇನೆ.

ಆ ಹೊತ್ತಿನಲ್ಲಿ ಶಿಕ್ಷಕಿ ಏನನ್ನೂ ನಡೆಸುತ್ತಿರಲಿಲ್ಲ, ಸುಮ್ಮನೆ ಜೊತೆಗಿರುತ್ತಿದ್ದರು. ಮಕ್ಕಳು ಡಬ್ಬಿಗೆ ಬದಲು ತಟ್ಟೆಯನ್ನೇ ಕ್ಯಾಮೆರಾದ ಮುಂದೆ ಹಿಡಿದು ಉಪ್ಪಿಟ್ಟೋ ಚಿತ್ರಾನ್ನವೋ ಎಂದು ತೋರಿಸುತ್ತಿದ್ದರು, ಜಗಳವಾಡುತ್ತಿದ್ದರು, ಮುನಿಸಿಕೊಂಡು ಕ್ಯಾಮೆರಾ ಆರಿಸಿ ಮತ್ತೆ ಬರುತ್ತಿದ್ದರು. ಅದೇ ವರ್ಷ ಹೊಸದಾಗಿ ಸೇರಿದ್ದ, ಯಾರೂ ಎದುರಿಗೆ ಕಂಡಿರದ ಹುಡುಗಿಯೊಬ್ಬಳು ನನ್ನ ಮಗಳ ಆಪ್ತ ಗೆಳತಿಯಾದದ್ದು ಈ ಬಿಡುವಿನಲ್ಲೇ. ಶಾಲೆ ತೆರೆದ ದಿನ ಗೇಟಿನ ಬಳಿ ಇಬ್ಬರೂ ಒಬ್ಬರ ಎತ್ತರವನ್ನು ಇನ್ನೊಬ್ಬರು ನೋಡುತ್ತ ನಿಂತುಬಿಟ್ಟರು. ಪರದೆಯ ಚೌಕಗಳಲ್ಲಿ ಅವರಿಬ್ಬರೂ ಒಂದೇ ಎತ್ತರವಿದ್ದರು.

ಕಾರ್ತಿಕದ ಕೊನೆಯ ಸೋಮವಾರ ಬರುವ ಕಡಲೆಕಾಯಿ ಪರಿಷೆಗೆ ನಮ್ಮ ಬಡಾವಣೆಯ ಮಕ್ಕಳು ವರ್ಷವಿಡೀ ಕಾಯುತ್ತಾರೆ. 2020ರಲ್ಲಿ ಮಕ್ಕಳನ್ನು ಜಾತ್ರೆಗೆ ಕರೆದೊಯ್ಯುವ ಸ್ಥಿತಿ ಇರಲಿಲ್ಲವಾದ್ದರಿಂದ, ಪ್ರತಿ ಮನೆಯಲ್ಲೂ ಒಂದು ಪಾವು ಕಡಲೆಕಾಯಿ ಸುಲಿದು, ಒಂದು ಬೀಜದವೆಷ್ಟು, ಎರಡರವೆಷ್ಟು, ಮೂರರವೆಷ್ಟು ಎಂದು ಎಣಿಸಿ, ಎಲ್ಲರ ಲೆಕ್ಕವನ್ನೂ ಕೂಡಿಸಿ ಒಂದೇ ನಕ್ಷೆಯಾಗಿಸಿದರು. ಅಜ್ಜ-ಅಜ್ಜಿಯರು ಪರದೆಗೆ ಬಂದು ತಮ್ಮ ಕಾಲದ ಪರಿಷೆಯನ್ನು ವಿವರಿಸಿದರು. ಶನಿವಾರ ಗೇಟಿನಲ್ಲಿ ಗ್ರಂಥಾಲಯದ ಪುಸ್ತಕಗಳನ್ನು ಕೊಡುವ ಏರ್ಪಾಡೂ ಚೆನ್ನಾಗಿತ್ತು.

ರಾಜ್ಯೋತ್ಸವದ ಸಮೂಹಗಾನ ಮಾತ್ರ ಕೈಗೂಡಲಿಲ್ಲ. ಪ್ರತಿ ಮನೆಯ ಧ್ವನಿಯೂ ಕ್ಷಣಕಾಲ ತಡವಾಗಿ ತಲುಪುವುದರಿಂದ ಅಂತರ್ಜಾಲದಲ್ಲಿ ಒಟ್ಟಿಗೆ ಹಾಡಲು ತಾಳವೇ ಕೂಡುವುದಿಲ್ಲ. ಕೊನೆಗೆ ಒಬ್ಬನ ಮೈಕನ್ನು ಮಾತ್ರ ತೆರೆದು, ಉಳಿದವರು ತಂತಮ್ಮ ಮನೆಗಳಲ್ಲಿ ಅವನೊಂದಿಗೆ ಹಾಡಿದರು. ಇದರಲ್ಲಿ ಶಾಲೆಯ ತಪ್ಪಿಲ್ಲ. ವಾರ್ಷಿಕೋತ್ಸವದ ಬಗ್ಗೆ ಹಾಗೆನ್ನಲಾರೆ. ಮಕ್ಕಳಿಂದ ತರಿಸಿಕೊಂಡ ವಿಡಿಯೊ ತುಣುಕುಗಳನ್ನು ಜೋಡಿಸಿದ ಎರಡು ಗಂಟೆಯ ಚಿತ್ರದಲ್ಲಿ ನನ್ನ ಮಗಳು ಹತ್ತು ಸೆಕೆಂಡು ಕಂಡಳು. ಅದಕ್ಕಾಗಿ ನಾವು ಮೂರು ಸಂಜೆ ಅವಳನ್ನು ಗದರಿಸಿ ಕುಣಿಸಿದ್ದೆವು. ಕ್ರೀಡಾ ದಿನವೂ ಇದೇ ಬಗೆಯಲ್ಲಿ ಪೋಷಕರ ನಡುವಿನ ಪೈಪೋಟಿಯಾಯಿತು.

ಇದಕ್ಕಿಂತ ದೊಡ್ಡ ಲೋಪ ಇನ್ನೊಂದಿದೆ. ತರಗತಿಯ ಮೂವರು ಮಕ್ಕಳ ಮನೆಗಳಲ್ಲಿ ಒಂದೇ ಮೊಬೈಲ್ ಇದ್ದು, ಬೆಳಿಗ್ಗೆ ಅದು ತಂದೆಯೊಂದಿಗೆ ಕೆಲಸಕ್ಕೆ ಹೋಗುತ್ತಿತ್ತು. ಅವರಲ್ಲೊಬ್ಬ ಅದೇ ಶಾಲೆಯ ಆಯಾ ಅವರ ಮಗ. ಸಂಜೆ ವಾಟ್ಸ್‌ಆ್ಯಪ್‌ನಲ್ಲಿ ಬರುವ ಪಾಠದಿಂದ ಬರೆಯುವ ಕೆಲಸವೇನೋ ಮುಗಿಯುತ್ತಿತ್ತು, ಬೆಳಗಿನ 20 ನಿಮಿಷ ಸಿಗುತ್ತಿರಲಿಲ್ಲ. ನಾವು ಕೆಲವು ಪೋಷಕರು ಹಳೆಯ ಫೋನುಗಳನ್ನು ಕೊಡುವುದಾಗಿ ಆಗಸ್ಟ್‌ನಲ್ಲೇ ಬರೆದುಕೊಟ್ಟರೂ ಆಡಳಿತ ಮಂಡಳಿ ಒಪ್ಪಲು ನವೆಂಬರ್ ಆಯಿತು.

ಬೋಧನಾ ಶುಲ್ಕದ ಶೇ. 70ರಷ್ಟನ್ನು ಮಾತ್ರ ಪಡೆಯಬೇಕೆಂದು ಸರ್ಕಾರ 2021ರ ಜನವರಿಯಲ್ಲಿ ಆದೇಶಿಸಿದ ಮೇಲೂ ಶಾಲೆ ಈ ಯಾವ ಚಟುವಟಿಕೆಯನ್ನೂ ಕೈಬಿಡಲಿಲ್ಲ ಎಂಬುದನ್ನು ಹೇಳಲೇಬೇಕು. ಎಲ್ಲವನ್ನೂ ತೂಗಿ ನೋಡಿ ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ; ಕಳೆದ ಒಂದೂವರೆಯಲ್ಲಿ ಒಂದು ಪೂರ್ತಿ ಅಂಕ ಆ ಮೂರು ತಿಂಗಳ ವಿಳಂಬದ್ದು. 2022ರ ಜನವರಿಯಲ್ಲಿ ಬೆಂಗಳೂರಿನ ಶಾಲೆಗಳು ಮತ್ತೆ ಮುಚ್ಚಿದಾಗ, ಯಾರೂ ಕೇಳುವ ಮುನ್ನವೇ, ಮೊದಲ ದಿನವೇ ಆ ಮೂರು ಮನೆಗಳಿಗೂ ಫೋನ್ ತಲುಪಿತ್ತು.