ನಾಲ್ಕು ವರ್ಷದ ನೆಕ್ಸಾನ್ ಇವಿ: ಈಗ ಹಗಲಲ್ಲೇ ಚಾರ್ಜ್ ಹಾಕುತ್ತೇನೆ

ಟಾಟಾದ ಎಲೆಕ್ಟ್ರಿಕ್ ಕಾರು ನೆಕ್ಸಾನ್ ಇವಿ ತಗೊಂಡು ನಾಲ್ಕು ವರ್ಷ ಆಯಿತು. 30.2 ಯೂನಿಟ್ ಬ್ಯಾಟರಿಯ ಹಳೇ ಮಾಡೆಲ್. ಪಿಕಪ್, ಡಿಕ್ಕಿ, ಸ್ಕ್ರೀನ್ ಬಗ್ಗೆ ಎಲ್ಲರೂ ಬರೆದಾಗಿದೆ. ಗಾಡಿ ಚೆನ್ನಾಗಿದೆ. ನಾನು ಹೇಳಬೇಕಿರುವುದು ಪ್ಲಗ್ ಬಗ್ಗೆ.

ಮನೆ ಶಿವಮೊಗ್ಗ, ಕೆಲಸ ಭದ್ರಾವತಿ. ದಿನಕ್ಕೆ ಹೋಗಿ ಬರೋದು 40 ಕಿಮೀ. ಮೊದಲ ಎರಡು ವರ್ಷ ರಾತ್ರಿಯೇ ಚಾರ್ಜ್ ಹಾಕುತ್ತಿದ್ದೆ. ಊಟ ಮುಗಿಸಿ, ಜಗಲಿಯ 16 ಆಂಪ್ ಸಾಕೆಟ್ಟಿಗೆ ಪ್ಲಗ್ ಒತ್ತಿ, ಗಾಡಿಗೆ ಚಾರ್ಜಿಂಗ್ ಗನ್ ಸಿಕ್ಕಿಸಿದರೆ ಒಳಗೆಲ್ಲೋ ‘ಟಕ್’ ಅನ್ನುತ್ತದೆ. ಹತ್ತು ನಿಮಿಷ ಬಿಟ್ಟು ಹೋಗಿ ಪ್ಲಗ್ ಮುಟ್ಟಿ ನೋಡುತ್ತೇನೆ. ಬೆಚ್ಚಗಿದ್ದರೆ ಸರಿ, ಕೈ ಸುಟ್ಟರೆ ತಕ್ಷಣ ಆಫ್. ಮೊದಲ ಸಾಕೆಟ್ ಹಾಗೇ ಕಪ್ಪಾಗಿ ಕರಗಿಹೋಗಿತ್ತು. ಮೀಟರಿನಿಂದ ದಪ್ಪ ವೈರ್ ಎಳೆಸಿ, ಬೇರೆ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿದ ಮೇಲೆ ತೊಂದರೆ ಬಂದಿಲ್ಲ. ಹೊಸದಾಗಿ ತಗೊಳ್ಳುವವರು ಗಾಡಿ ಬರುವ ಮೊದಲೇ ಇದನ್ನು ಮಾಡಿಸಿ.

ಒಂದು ದಿನ ಭಾವ ಅಂದರು, ‘ನಿನ್ನ ಗಾಡಿ ಹೊಗೆ ಇಲ್ಲಿ ಬರಲ್ಲ ಮಾರಾಯ, ರಾಯಚೂರಲ್ಲಿ ಬರುತ್ತೆ.’ ಚುಚ್ಚಿದಂತಾಯಿತು. ನಮ್ಮದು ಶರಾವತಿ ಕರೆಂಟು ಅಂತಲೇ ನಂಬಿದ್ದೆ. ಅಜ್ಜನ ಗದ್ದೆ ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿದೆ. ಹಾಗಾಗಿ ಅದರ ಮೇಲೆ ನಮಗೊಂದು ಹಕ್ಕಿದೆ ಅನ್ನೋ ಭಾವನೆ. ಆದರೆ ಗ್ರಿಡ್‌ನಲ್ಲಿ ಶರಾವತಿಯದ್ದು, ರಾಯಚೂರಿನ ಕಲ್ಲಿದ್ದಲಿನದ್ದು ಎಲ್ಲವೂ ಕಲೆತೇ ಬರುತ್ತದೆ.

ಆಮೇಲೆ ರಾಜ್ಯದ ಲೋಡ್ ಡಿಸ್ಪ್ಯಾಚ್ ಸೆಂಟರ್‌ನ ವೆಬ್‌ಸೈಟ್ ನೋಡುವ ಅಭ್ಯಾಸ ಆಯಿತು. ಯಾವ ಸ್ಟೇಷನ್ ಈಗ ಎಷ್ಟು ಮೆಗಾವಾಟ್ ಕೊಡುತ್ತಿದೆ ಅಂತ ಅಲ್ಲಿ ಕಾಣುತ್ತದೆ. ಏಪ್ರಿಲ್‌ನಲ್ಲಿ ರಾತ್ರಿ 11ಕ್ಕೆ ಸೋಲಾರ್ ಸೊನ್ನೆ. ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಘಟಕಗಳು ಜೋರಾಗಿ ಓಡುತ್ತಿರುತ್ತವೆ. ಅದೇ ಮಧ್ಯಾಹ್ನ 12ಕ್ಕೆ ನೋಡಿ, ಪಾವಗಡದ ಕಡೆಯ ಬಿಸಿಲೆಲ್ಲ ಅಂಕಿಯಾಗಿ ಏರಿರುತ್ತದೆ. ಆಷಾಢದಲ್ಲಿ ಮಾತ್ರ ರಾತ್ರಿಯೂ ಚಿತ್ರದುರ್ಗ, ಗದಗದ ಗಾಳಿ ಕೈಹಿಡಿಯುತ್ತದೆ.

ಲೆಕ್ಕ ಹಾಕಿದೆ. ಗೋಡೆಯ ಪ್ಲಗ್ಗಿನಿಂದ ಅಳೆದರೆ ನನಗೆ ಯೂನಿಟ್‌ಗೆ 6 ಕಿಮೀ ಸಿಗುತ್ತದೆ. 150 ಕಿಮೀಗೆ 25 ಯೂನಿಟ್. ದೇಶದ ಸರಾಸರಿಯಲ್ಲಿ ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕೆಜಿ ಕಾರ್ಬನ್ ಡೈಆಕ್ಸೈಡ್. ಅಂದರೆ 17-18 ಕೆಜಿ. ನನ್ನ ಹಳೇ ಪೆಟ್ರೋಲ್ ಗಾಡಿ ಅದೇ ದೂರಕ್ಕೆ 10 ಲೀಟರ್ ಕುಡಿಯುತ್ತಿತ್ತು, ಲೀಟರಿಗೆ 2.3ರಂತೆ 23 ಕೆಜಿ. ಬ್ಯಾಟರಿ ತಯಾರಿಸುವಾಗಿನದ್ದು, ಪೆಟ್ರೋಲ್ ಶುದ್ಧ ಮಾಡುವಾಗಿನದ್ದು ಎರಡನ್ನೂ ಬಿಟ್ಟಿದ್ದೇನೆ. ಭಾವ ಹೇಳಿದ್ದು ಪೂರ್ತಿ ಸರಿಯಲ್ಲ. ಆದರೆ ನಾನು ಅಂದುಕೊಂಡಷ್ಟು ಲಾಭವೂ ಇರಲಿಲ್ಲ.

ಹಗಲು ಚಾರ್ಜ್ ಹಾಕೋಣ ಅಂದರೆ ಹಗಲೆಲ್ಲ ಗಾಡಿ ಆಫೀಸಿನಲ್ಲಿ ನಿಂತಿರುತ್ತದೆ. ಅಲ್ಲಿ ಒಂದು ಸಾಕೆಟ್ ಹಾಕಿಸಿಕೊಡಿ, ದುಡ್ಡು ನಾನೇ ಕೊಡುತ್ತೇನೆ ಅಂತ ಎರಡು ಸಲ ಅರ್ಜಿ ಕೊಟ್ಟೆ. ಎರಡು ಸಲವೂ ‘ನೋಡೋಣ’ ಅಂದರು. ನೆತ್ತಿ ಮೇಲೆ ಬಿಸಿಲು ಸುರಿಯುವ ಹೊತ್ತಲ್ಲಿ ಗಾಡಿ ಎಂಟು ಗಂಟೆ ಸುಮ್ನೆ ನಿಂತಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಬುಧವಾರ ಬಸ್ಸಿಗೆ ಹೋಗುತ್ತೇನೆ. ಬುಧವಾರ, ಭಾನುವಾರ ಬೆಳಗ್ಗೆ 10ರಿಂದ ಸಂಜೆ 4ರವರೆಗೆ ಚಾರ್ಜ್. ಸುಮಾರು 20 ಯೂನಿಟ್ ಒಳಗೆ ಹೋಗುತ್ತದೆ, ವಾರಕ್ಕೆ ಧಾರಾಳ ಸಾಕು. ಬುಧವಾರ ಪ್ಲಗ್ ಮುಟ್ಟಿ ನೋಡುವ ಕೆಲಸ ಅಮ್ಮನದು. ನಾಲ್ಕಕ್ಕೆ ಅವರೇ ಸ್ವಿಚ್ ಆಫ್ ಮಾಡಿ ಫೋನ್ ಮಾಡುತ್ತಾರೆ. ‘ನಮ್ಮ ಗದ್ದೆ ಮುಳುಗಿಸಿ ತೆಗೆದ ಕರೆಂಟು, ನೋಡಿಕೊಂಡು ಖರ್ಚು ಮಾಡಬೇಕಲ್ವಾ’ ಅಂತಾರೆ. ನನಗೆ ಬಸ್ಸಿನ ದಿನವೇ ಈಗ ಜಾಸ್ತಿ ಇಷ್ಟ.

ದುಡ್ಡಿನ ವಿಷಯ: ಗಾಡಿಯಿಂದಾಗಿ ನಮ್ಮ ಮನೆ 200 ಯೂನಿಟ್ ದಾಟುತ್ತದೆ, ಗೃಹಜ್ಯೋತಿ ಸಿಗಲ್ಲ. ಸೊನ್ನೆ ಬರಬೇಕಿದ್ದ ಬಿಲ್ಲು 1600-1700 ಬರುತ್ತದೆ. ಅದನ್ನೂ ಗಾಡಿಯ ಖರ್ಚಿಗೇ ಸೇರಿಸಿ. ಆದರೂ ಇಷ್ಟೇ ಓಡಾಟಕ್ಕೆ ಪೆಟ್ರೋಲಿಗೆ 5500 ದಾಟುತ್ತಿತ್ತು.

ಹಗಲು ಮನೆಯಲ್ಲಿ ಗಾಡಿ ನಿಲ್ಲಿಸುವವರು ಧೈರ್ಯವಾಗಿ ತಗೊಳ್ಳಿ. ನಾನು ಈ ಸೋಮವಾರ ಮೂರನೇ ಅರ್ಜಿ ಕೊಟ್ಟಿದ್ದೇನೆ. ನನ್ನ ಯೂನಿಟ್ ಬೇರೆಯಾಗಿ ಅಳೆಯುವ ಸಬ್‌ಮೀಟರ್ ಖರ್ಚೂ ನನ್ನದೇ ಅಂತ ಬರೆದಿದ್ದೇನೆ.